ದೂರದ ಕೊಂಡಿಯಿಂದ ಕಡತ ಬಾರದಿದ್ದಾಗ: ಒಂದು ದೋಷ ನಿವಾರಣೆ ಕೈಪಿಡಿ

ತಮ್ಮ ಕಂಪ್ಯೂಟರಿನಲ್ಲಿರುವ ಕಡತವನ್ನು ಆರಿಸಿ ಕಳಿಸುವ ಬದಲು, ಅಂತರಜಾಲದಲ್ಲಿ ಬೇರೆಡೆ ಇರುವ ಕಡತದ ಯುಆರ್‌ಎಲ್ ಅನ್ನು ಒಂದು ಪೆಟ್ಟಿಗೆಯಲ್ಲಿ ಅಂಟಿಸಿ ‘ಸೇರಿಸು’ ಎಂದು ಒತ್ತುವ ಸೌಲಭ್ಯ ಅನೇಕ ವೆಬ್ ಅಪ್ಲಿಕೇಶನ್‌ಗಳಲ್ಲಿ ಇದೆ. ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳನ್ನು ಕೂಡಿಡುವ, ನಾನು ನೋಡಿಕೊಳ್ಳುವ ಒಂದು ಸಣ್ಣ ಜಾಲತಾಣದಲ್ಲಿಯೂ ಅದು ಇದೆ. ರೆಡ್ ಹ್ಯಾಟ್ ಕುಟುಂಬದ ಲಿನಕ್ಸ್, ಅದರ ಮೇಲೆ ಎಂಜಿನ್‌ಎಕ್ಸ್ ಎಂಬ ಜಾಲ ಸರ್ವರ್, ಅದರ ಹಿಂದೆ ಪಿಎಚ್‌ಪಿ ಕೋಡನ್ನು ನಡೆಸುವ ಪಿಎಚ್‌ಪಿ-ಎಫ್‌ಪಿಎಂ: ಇಷ್ಟೇ ಅದರ ಸರಂಜಾಮು. ಈ ಸೌಲಭ್ಯ ಕೆಟ್ಟಾಗ ಬಳಕೆದಾರರಿಗೆ ಕಾಣಿಸುವುದು ‘ಕಡತವನ್ನು ಪಡೆಯಲಾಗಲಿಲ್ಲ’ ಎಂಬ ಒಂದೇ ಸಾಲು. ಅದರ ಹಿಂದಿರುವ ಕಾರಣಗಳು ಮಾತ್ರ ಹತ್ತಾರು. ಪ್ರತಿ ದೂರಿನ ಜೊತೆಗೂ ತಪ್ಪದೆ ಬರುವ ಮಾತೊಂದಿದೆ: ‘ನನ್ನ ಬ್ರೌಸರಿನಲ್ಲಿ ಆ ಕೊಂಡಿ ಸರಿಯಾಗಿಯೇ ತೆರೆಯುತ್ತದೆ.’

ಆ ಮಾತು ನಿಜವೇ. ಆದರೆ ಅದರಿಂದ ಏನೂ ತೀರ್ಮಾನವಾಗುವುದಿಲ್ಲ. ಕೊಂಡಿಯನ್ನು ಅಂಟಿಸುವವರು ಬಳಕೆದಾರರಾದರೂ ಕಡತ ತರಲು ಹೋಗುವುದು ಸರ್ವರ್. ಅದರ ಐಪಿ ವಿಳಾಸ ಬೇರೆ, ಹೆಸರಿನಿಂದ ವಿಳಾಸ ತಿಳಿಯಲು ಅದು ಕೇಳುವ ಡಿಎನ್‌ಎಸ್ ಬೇರೆ, ಜಾಲತಾಣಗಳ ಗುರುತಿಗಾಗಿ ಅದು ನಂಬುವ ಪ್ರಮಾಣಪತ್ರಗಳ ಪಟ್ಟಿ ಬೇರೆ; ಬಳಕೆದಾರರ ಲಾಗಿನ್ ಕುಕೀ ಅದರ ಕೈಯಲ್ಲಿಲ್ಲ, ಪುಟದೊಳಗಿನ ಜಾವಾಸ್ಕ್ರಿಪ್ಟನ್ನು ಅದು ನಡೆಸುವುದೂ ಇಲ್ಲ. ಆದ್ದರಿಂದ ಇಡೀ ಪರೀಕ್ಷೆ ಸರ್ವರಿನ ಕಡೆಯಿಂದಲೇ ನಡೆಯಬೇಕು. ದಾರಿಯ ಯಾವ ಹಂತದಲ್ಲಿ ಅದು ನಿಂತಿತು ಎಂಬುದು ಖಚಿತವಾಗುವವರೆಗೆ ಯಾವ ಸೆಟ್ಟಿಂಗನ್ನೂ ಮುಟ್ಟಬಾರದು. ಮೂರು ಸೆಟ್ಟಿಂಗ್‌ಗಳನ್ನು ಒಟ್ಟಿಗೆ ಬದಲಿಸಿ ಸಮಸ್ಯೆ ಹೋಯಿತೆಂದು ಸಮಾಧಾನಪಟ್ಟವರಿಗೆ, ಅವುಗಳಲ್ಲಿ ಯಾವುದು ಮದ್ದು, ಯಾವುದು ಹೊಸ ರೋಗ ಎಂಬುದು ಮುಂದೆಂದೂ ತಿಳಿಯುವುದಿಲ್ಲ.

ಕೆಲಸಕ್ಕೆ ಬಾರದ ಮದ್ದೊಂದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಅಪ್‌ಲೋಡ್ ಎಂಬ ಪದ ಕಿವಿಗೆ ಬಿದ್ದೊಡನೆ ಪಿಎಚ್‌ಪಿಯ ‘ಅಪ್‌ಲೋಡ್ ಮ್ಯಾಕ್ಸ್ ಫೈಲ್‌ಸೈಜ್’ (ಮೂಲ ಬೆಲೆ 2 ಎಂಬಿ), ‘ಪೋಸ್ಟ್ ಮ್ಯಾಕ್ಸ್ ಸೈಜ್’ (8 ಎಂಬಿ), ಎಂಜಿನ್‌ಎಕ್ಸ್‌ನ ‘ಕ್ಲೈಂಟ್ ಮ್ಯಾಕ್ಸ್ ಬಾಡಿ ಸೈಜ್’ (1 ಎಂಬಿ) ಇವುಗಳನ್ನು ಹೆಚ್ಚಿಸಲು ಹೊರಡುವವರು ಬಹಳ. ಈ ಮೂರೂ ಮಿತಿಗಳು ಬ್ರೌಸರಿನಿಂದ ಸರ್ವರಿಗೆ ಬರುವ ಹೊರೆಗೆ ಸಂಬಂಧಿಸಿದವು. ದೂರದ ಕೊಂಡಿಯ ವಿಷಯದಲ್ಲಿ ಬ್ರೌಸರಿನಿಂದ ಬರುವುದು ನೂರಿನ್ನೂರು ಅಕ್ಷರಗಳ ಒಂದು ಸಾಲು ಮಾತ್ರ. ಕಡತ ಬರುವುದು ಬೇರೆ ಬಾಗಿಲಿನಿಂದ. ಆ ಬಾಗಿಲಿಗೆ ಈ ಮಿತಿಗಳು ಅನ್ವಯಿಸುವುದಿಲ್ಲವಾದ್ದರಿಂದ ಗರಿಷ್ಠ ಗಾತ್ರದ ಮಿತಿಯನ್ನು ಅಪ್ಲಿಕೇಶನ್ನೇ ತನ್ನ ಕೋಡಿನಲ್ಲಿ ಹಾಕಿಕೊಳ್ಳಬೇಕಾಗುತ್ತದೆ.

ಸರ್ವರಿನ ಕಡೆಯಿಂದ ಪರೀಕ್ಷೆ

ದೂರು ಕೊಟ್ಟವರಿಂದ ಕೊಂಡಿಯನ್ನು ಕೇಳಿ ಪಡೆಯುವುದಕ್ಕಿಂತ, ಅಪ್ಲಿಕೇಶನ್ನಿಗೆ ತಲುಪಿದ ಕೊಂಡಿಯನ್ನು ಅದರ ಲಾಗಿನಿಂದ (ದಾಖಲೆಯ ಕಡತದಿಂದ) ಎತ್ತಿಕೊಳ್ಳುವುದು ಲೇಸು. ಇವೆರಡೂ ಒಂದೇ ಆಗಿರುತ್ತವೆಂಬ ಖಾತರಿ ಇಲ್ಲ. ಲಾಗಿನಲ್ಲಿ ಅದು ದಾಖಲಾಗುತ್ತಿಲ್ಲವಾದರೆ ಮೊದಲ ದುರಸ್ತಿ ಅದೇ: ಅಂಟಿಸಿದ ಯುಆರ್‌ಎಲ್, ರಿಡೈರೆಕ್ಟ್‌ಗಳ (ಕೇಳಿದವರನ್ನು ಬೇರೆ ವಿಳಾಸಕ್ಕೆ ಕಳಿಸುವ ಉತ್ತರಗಳ) ನಂತರದ ಕೊನೆಯ ಯುಆರ್‌ಎಲ್, ಎಚ್‌ಟಿಟಿಪಿ ಉತ್ತರದ ಸಂಖ್ಯೆ, ಬಂದ ಬೈಟ್‌ಗಳ ಲೆಕ್ಕ, ಹಿಡಿದ ಸಮಯ, ಇಷ್ಟನ್ನು ಪ್ರತಿ ಪ್ರಯತ್ನಕ್ಕೂ ಬರೆಯುವಂತೆ ಮಾಡಿ, ಆಮೇಲೆ ಮುಂದುವರಿಯಬೇಕು.

ಬಳಿಕ ಸರ್ವರಿಗೆ ಲಾಗಿನ್ ಆಗಿ, ಅದೇ ಕೊಂಡಿಯನ್ನು, ಟರ್ಮಿನಲ್‌ನಿಂದ ಯುಆರ್‌ಎಲ್ ತರುವ ಕರ್ಲ್ ಆದೇಶಕ್ಕೆ ಕೊಟ್ಟು, ಪ್ರತಿ ಹೆಜ್ಜೆಯನ್ನೂ ತೋರಿಸುವ ವರ್ಬೋಸ್ ಆಯ್ಕೆಯೊಂದಿಗೆ ನಡೆಸಬೇಕು. ಕೊಂಡಿಯನ್ನು ಒಂಟಿ ಉದ್ಧರಣ ಚಿಹ್ನೆಗಳ ನಡುವೆ ಇಡುವುದನ್ನು ಮರೆಯಬಾರದು; ಇಲ್ಲವಾದರೆ ಕೊಂಡಿಯಲ್ಲಿರುವ ‘&’ ಚಿಹ್ನೆಯನ್ನು ಶೆಲ್ ತನ್ನದೆಂದು ತಿಳಿದು ಅಲ್ಲಿಗೇ ಸಾಲನ್ನು ಕತ್ತರಿಸುತ್ತದೆ, ನೀವು ಇಲ್ಲದ ದೋಷವನ್ನು ಅರ್ಧ ಗಂಟೆ ಹುಡುಕುತ್ತೀರಿ. ಕರ್ಲ್ ಸೋತಾಗ ಅದು ಕೊಡುವ ನಿರ್ಗಮನ ಸಂಖ್ಯೆಯೇ ಅರ್ಧ ರೋಗನಿದಾನ. 6 ಎಂದರೆ ಹೋಸ್ಟ್ ಹೆಸರಿಗೆ ಐಪಿ ವಿಳಾಸ ಸಿಗಲಿಲ್ಲ. 7 ಎಂದರೆ ವಿಳಾಸ ಸಿಕ್ಕಿತು, ಸಂಪರ್ಕ ಆಗಲಿಲ್ಲ. 28 ಎಂದರೆ ಗಡುವು ಮೀರಿತು. 35 ಟಿಎಲ್‌ಎಸ್ ಹಸ್ತಲಾಘವ (ಗೂಢ ಸಂಪರ್ಕದ ಆರಂಭದ ಒಪ್ಪಂದ) ಮುರಿದುದಕ್ಕೆ, 60 ಎದುರಿನ ಪ್ರಮಾಣಪತ್ರವನ್ನು ನಂಬಲಾಗದ್ದಕ್ಕೆ, 47 ರಿಡೈರೆಕ್ಟ್‌ಗಳು ಮಿತಿಮೀರಿದ್ದಕ್ಕೆ, 18 ಕಡತ ಅರ್ಧಕ್ಕೇ ನಿಂತುದಕ್ಕೆ. ಈ ಸಂಖ್ಯೆಗಳಲ್ಲಿ ಹೆಚ್ಚಿನವು ಪಿಎಚ್‌ಪಿಯ ಕರ್ಲ್ ವಿಸ್ತರಣೆಯಲ್ಲಿಯೂ ಹಾಗೆಯೇ ಬರುತ್ತವಾದ್ದರಿಂದ, ‘ಪಡೆಯಲಾಗಲಿಲ್ಲ’ ಎಂಬ ಸಂದೇಶದ ಜೊತೆ ಈ ಸಂಖ್ಯೆಯನ್ನೂ ಲಾಗಿಗೆ ಬರೆಸಿದರೆ ಮುಂದಿನ ಬಾರಿ ಈ ಹಂತವೇ ಬೇಕಾಗುವುದಿಲ್ಲ.

ಟರ್ಮಿನಲ್‌ನಲ್ಲಿ ಕರ್ಲ್ ಗೆದ್ದು ಅಪ್ಲಿಕೇಶನ್ ಸೋತರೆ ಗೊಂದಲ ಹೆಚ್ಚುತ್ತದೆ. ರೆಡ್ ಹ್ಯಾಟ್ ಕುಟುಂಬದ ಸರ್ವರ್‌ಗಳಲ್ಲಿ ಆಗ, ಯಾವ ಪ್ರೋಗ್ರಾಂ ಏನು ಮಾಡಬಹುದೆಂಬುದನ್ನು ನಿಯಂತ್ರಿಸುವ ಎಸ್‌ಇಲಿನಕ್ಸ್ ಎಂಬ ಭದ್ರತಾ ಪದರದ ಕಡೆಗೆ ನೋಡುವುದು ವಾಡಿಕೆ. ಅಲ್ಲಿ ‘ಎಚ್‌ಟಿಟಿಪಿಡಿ ಕ್ಯಾನ್ ನೆಟ್‌ವರ್ಕ್ ಕನೆಕ್ಟ್’ ಎಂಬ ಸ್ವಿಚ್ಚು ಮೂಲತಃ ಆಫ್ ಆಗಿರುತ್ತದೆ. ಅಂದರೆ ಜಾಲ ಸರ್ವರ್ ಮತ್ತು ಅದರ ಹಿಂದಿನ ಪಿಎಚ್‌ಪಿ ತಾವಾಗಿ ಹೊರಗಿನ ಯಾರನ್ನೂ ಸಂಪರ್ಕಿಸುವಂತಿಲ್ಲ. ಇಲ್ಲೊಂದು ಸೂಕ್ಷ್ಮವಿದೆ, ನಾನೇ ಅದರಲ್ಲಿ ಒಂದು ಮಧ್ಯಾಹ್ನ ಕಳೆದಿದ್ದೇನೆ. ಸುಡೊ ಮೂಲಕ, ಪಿಎಚ್‌ಪಿ-ಎಫ್‌ಪಿಎಂ ಯಾರ ಹೆಸರಿನಲ್ಲಿ ನಡೆಯುತ್ತದೋ ಆ ಅಪಾಚಿ ಬಳಕೆದಾರರಾಗಿ ಕರ್ಲ್ ನಡೆಸಿದರೂ ಅದು ಗೆಲ್ಲುತ್ತದೆ, ಏಕೆಂದರೆ ಬಳಕೆದಾರರ ಹೆಸರು ಬದಲಾದರೂ ಎಸ್‌ಇಲಿನಕ್ಸ್‌ನ ಲೇಬಲ್ ನಿಮ್ಮ ಲಾಗಿನ್ನಿನದೇ ಆಗಿ ಉಳಿಯುತ್ತದೆ. ಜಾಲ ಸರ್ವರಿನ ಲೇಬಲ್ಲಿಗೆ ಅದು ಬದಲಾಗುವುದಿಲ್ಲ. ‘ಬಳಕೆದಾರರೂ ಅವರೇ, ಸರ್ವರೂ ಅದೇ, ಕೊಂಡಿಯೂ ಅದೇ, ಆದರೂ ಫಲ ಬೇರೆ’ ಎಂದು ತಲೆ ಕೆಡಿಸಿಕೊಳ್ಳುವ ಬದಲು ಆಡಿಟ್ ಲಾಗ್ ತೆರೆದು, ಸಮಸ್ಯೆಯಾದ ಕ್ಷಣದಲ್ಲಿ ಪಿಎಚ್‌ಪಿ-ಎಫ್‌ಪಿಎಂ ಹೆಸರಿನಲ್ಲಿ ‘ನೇಮ್ ಕನೆಕ್ಟ್’ ನಿರಾಕರಣೆ ದಾಖಲಾಗಿದೆಯೇ ಎಂದು ನೋಡಬೇಕು. ದಾಖಲಾಗಿದ್ದರೆ ಆ ಒಂದು ಸ್ವಿಚ್ಚನ್ನು ಶಾಶ್ವತ ಆಯ್ಕೆಯೊಂದಿಗೆ ಆನ್ ಮಾಡಿದರೆ ಸಾಕು. ಎಸ್‌ಇಲಿನಕ್ಸ್ ಅನ್ನೇ ನಿಲ್ಲಿಸುವ ಸಲಹೆಯನ್ನು ಯಾರು ಕೊಟ್ಟರೂ ಕೇಳಬೇಡಿ.

ಹೊರಗಿನ ಸಂಪರ್ಕಗಳೆಲ್ಲ ಹಾದುಹೋಗುವ ಕಚೇರಿಯ ಪ್ರಾಕ್ಸಿಯ ಹಿಂದಿರುವ ಸರ್ವರ್‌ಗಳಲ್ಲಿಯೂ ಇದೇ ರೀತಿಯ ಒಡಕು ಕಾಣುತ್ತದೆ. ಪ್ರಾಕ್ಸಿಯ ವಿಳಾಸ ನಿಮ್ಮ ಲಾಗಿನ್ ಶೆಲ್ಲಿನ ಪರಿಸರ ಚರದಲ್ಲಿ ಇರುತ್ತದೆ, ಲಿನಕ್ಸ್‌ನ ಸೇವೆಗಳನ್ನು ನಿರ್ವಹಿಸುವ ಸಿಸ್ಟಂಡಿ ಎಬ್ಬಿಸಿದ ಸೇವೆಗೆ ಅದು ಗೊತ್ತಿರುವುದಿಲ್ಲ.

ಹೆಸರು ಮತ್ತು ಸಂಪರ್ಕ

ಡಿಎನ್‌ಎಸ್ ದೋಷಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. 6 ಬಂದರೆ ರಿಸಾಲ್ವ್.ಕಾನ್ಫ್ ಕಡತವನ್ನು ನೋಡಿ, ಡಿಗ್ ಆದೇಶದಿಂದ ಅದೇ ಹೆಸರನ್ನು ಕೇಳಿ. ಅದಕ್ಕಿಂತ ಮೋಸದ್ದು ಐಪಿವಿ6. ದೂರದ ಹೋಸ್ಟಿಗೆ ಐಪಿವಿ4, ಐಪಿವಿ6 ಎರಡೂ ವಿಳಾಸಗಳಿದ್ದು, ನಿಮ್ಮ ಸರ್ವರಿಗೆ ಐಪಿವಿ6 ವಿಳಾಸವಿದ್ದರೂ ಅದರಿಂದ ಹೊರಗೆ ದಾರಿ ಇಲ್ಲದಿದ್ದರೆ, ಬ್ರೌಸರ್‌ಗಳು ಎರಡನ್ನೂ ಬೆನ್ನುಬೆನ್ನಿಗೆ ಪ್ರಯತ್ನಿಸಿ ಮೊದಲು ತೆರೆದುಕೊಂಡದ್ದರಲ್ಲಿ ನುಸುಳಿಬಿಡುತ್ತವೆ. ಪಿಎಚ್‌ಪಿಯ ಸರಳ ಸ್ಟ್ರೀಮ್‌ಗಳಿಗೆ (‘ಫೈಲ್ ಗೆಟ್ ಕಂಟೆಂಟ್ಸ್’ನಂಥವು ಬಳಸುವ ದಾರಿ) ಆ ಚುರುಕುತನ ಇಲ್ಲ, ಮುಚ್ಚಿದ ಬಾಗಿಲ ಮುಂದೆ ಗಡುವು ಮುಗಿಯುವವರೆಗೂ ನಿಂತಿರುತ್ತವೆ. ಕರ್ಲ್‌ಗೆ ಒಮ್ಮೆ 4 ಎಂಬ ಆಯ್ಕೆ, ಒಮ್ಮೆ 6 ಎಂಬ ಆಯ್ಕೆ ಕೊಟ್ಟು ಹೋಲಿಸಿದರೆ ಒಂದೇ ನಿಮಿಷದಲ್ಲಿ ಗುಟ್ಟು ಹೊರಬೀಳುತ್ತದೆ.

ಅಭಿವೃದ್ಧಿಯ ಯಂತ್ರದಲ್ಲಿ ಮಾತ್ರ ಕಾಣುವ ಇನ್ನೊಂದು ಸ್ಥಿತಿಯಿದೆ. ಅಪ್ಲಿಕೇಶನ್ ತನ್ನದೇ ವಿಳಾಸದಲ್ಲಿರುವ ಕಡತವನ್ನು ತರಲು ಹೊರಟಾಗ, ಪಿಎಚ್‌ಪಿಯೊಂದಿಗೇ ಬರುವ ಪರೀಕ್ಷಾ ಸರ್ವರ್ ಮೂಲತಃ ಒಂದು ಸಮಯಕ್ಕೆ ಒಂದೇ ಕೋರಿಕೆಯನ್ನು ನಡೆಸುವುದರಿಂದ, ಮೊದಲ ಕೋರಿಕೆ ಎರಡನೆಯದಕ್ಕೂ ಎರಡನೆಯದು ಮೊದಲನೆಯದಕ್ಕೂ ಕಾಯುತ್ತಾ ಕೂರುತ್ತವೆ. ಇದನ್ನು ಜಾಲದ ದೋಷವೆಂದು ತಿಳಿಯಬಾರದು, ಪಿಎಚ್‌ಪಿ 7.4ರಿಂದ ಈಚೆಗೆ ಆ ಸರ್ವರಿಗೆ ಹೆಚ್ಚು ಕೆಲಸಗಾರ ಪ್ರಕ್ರಿಯೆಗಳನ್ನು ಕೊಡುವ ಪರಿಸರ ಚರವಿದೆ.

ಪ್ರಮಾಣಪತ್ರ

‘ಬ್ರೌಸರಿನಲ್ಲಿ ತೆರೆಯುತ್ತದೆ, ಸರ್ವರಿನಲ್ಲಿ 60 ಬರುತ್ತದೆ’ ಎಂಬ ದೂರುಗಳ ಮೂಲ ಬಹುಪಾಲು ಒಂದೇ: ದೂರದ ಸರ್ವರ್ ತನ್ನ ಪ್ರಮಾಣಪತ್ರವನ್ನಷ್ಟೇ ಕಳಿಸಿ, ಅದಕ್ಕೂ ಮೂಲ ಪ್ರಾಧಿಕಾರಕ್ಕೂ ನಡುವಿನ ಮಧ್ಯಂತರ ಪ್ರಮಾಣಪತ್ರವನ್ನು ಕಳಿಸುವುದಿಲ್ಲ. ಕ್ರೋಮ್ ಆ ಕೊರತೆಯನ್ನು ತಾನೇ ತುಂಬಿಕೊಳ್ಳುತ್ತದೆ. ಪ್ರಮಾಣಪತ್ರದಲ್ಲಿಯೇ ಬರೆದಿರುವ ವಿಳಾಸಕ್ಕೆ ಹೋಗಿ ಮಧ್ಯದ ಕೊಂಡಿಯನ್ನು ತಂದುಕೊಳ್ಳುತ್ತದೆ. ಫೈರ್‌ಫಾಕ್ಸ್ ತನಗೆ ಮೊದಲೇ ತಿಳಿದಿರುವ ಮಧ್ಯಂತರಗಳನ್ನು ಬಳಸುತ್ತದೆ. ಲಿನಕ್ಸ್ ಸರ್ವರಿನಲ್ಲಿ ಓಪನ್‌ಎಸ್‌ಎಸ್‌ಎಲ್ ಮೇಲೆ ನಿಂತ ಕರ್ಲ್ ಮತ್ತು ಪಿಎಚ್‌ಪಿ ಇಂಥ ಉಪಕಾರ ಮಾಡುವುದಿಲ್ಲ. ಹೀಗಾಗಿ ಆ ಸರ್ವರನ್ನು ನಡೆಸುವವರಿಗೆ ತಮ್ಮ ತಪ್ಪು ವರ್ಷಗಟ್ಟಲೆ ಕಾಣದೇ ಹೋಗಬಹುದು.

ಓಪನ್‌ಎಸ್‌ಎಸ್‌ಎಲ್‌ನ ‘ಎಸ್ ಕ್ಲೈಂಟ್’ ಆದೇಶವನ್ನು ಹೋಸ್ಟ್ ಹೆಸರಿನೊಂದಿಗೆ 443ನೆಯ ಪೋರ್ಟಿಗೆ ನಡೆಸಿದರೆ ಸರಪಳಿಯಲ್ಲಿ ಎಷ್ಟು ಪ್ರಮಾಣಪತ್ರಗಳು ಬಂದವೆಂದು ತೋರುತ್ತದೆ, ಕೊನೆಗೆ ಪರಿಶೀಲನೆಯ ಸಂಖ್ಯೆ ಬರುತ್ತದೆ. 20 ಅಥವಾ 21 ಬಂದರೆ ಮೇಲಿನ ಮಧ್ಯಂತರದ ಕೊರತೆಯೋ ನಿಮ್ಮ ನಂಬಿಕೆಯ ಪಟ್ಟಿಯ ಹಳತನವೋ ಕಾರಣ; 10 ಬಂದರೆ ಅವಧಿ ಮುಗಿದಿದೆ; 9 ಬಂದರೆ ಪ್ರಮಾಣಪತ್ರ ಇನ್ನೂ ಜಾರಿಗೆ ಬಂದಿಲ್ಲ, ಅಂದರೆ ಬಹುಮಟ್ಟಿಗೆ ನಿಮ್ಮ ಸರ್ವರಿನ ಗಡಿಯಾರವೇ ಹಿಂದೆ ಬಿದ್ದಿದೆ. ಪಟ್ಟಿ ಹಳತಾದರೆ ಏನಾಗುತ್ತದೆ ಎಂಬುದನ್ನು 2021ರ ಸೆಪ್ಟೆಂಬರ್ 30ರಂದು ಅನೇಕರು ಕಂಡರು: ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಪ್ರಮಾಣಪತ್ರಗಳಿಗೆ ಆಧಾರವಾಗಿದ್ದ ಡಿಎಸ್‌ಟಿ ರೂಟ್ ಸಿಎ ಎಕ್ಸ್3 ಎಂಬ ಮೂಲದ ಅವಧಿ ಅಂದು ಮುಗಿಯಿತು, ಓಪನ್‌ಎಸ್‌ಎಸ್‌ಎಲ್ 1.0.2ರಂಥ ಹಳೆಯ ಆವೃತ್ತಿಯಿದ್ದ ಸರ್ವರ್‌ಗಳಿಗೆ, ಹೊಸ ಮೂಲ ತಮ್ಮ ಪಟ್ಟಿಯಲ್ಲಿದ್ದರೂ, ಹಳೆಯ ದಾರಿಯನ್ನೇ ಹಿಡಿದು ಎಡವುವುದು ತಪ್ಪಲಿಲ್ಲ. ಬ್ರೌಸರ್ ಬಳಸುತ್ತಿದ್ದ ಹೆಚ್ಚಿನವರಿಗೆ ಅಂದು ಏನೂ ಗೊತ್ತಾಗಲಿಲ್ಲ.

ಪರಿಹಾರವಾಗಿ ಪ್ರಮಾಣಪತ್ರಗಳ ಪ್ಯಾಕೇಜನ್ನು ಹೊಸದಾಗಿಸಬೇಕು, ಇಲ್ಲವೇ ದೂರದ ಸರ್ವರಿನವರಿಗೆ ಪೂರ್ಣ ಸರಪಳಿ ಕಳಿಸುವಂತೆ ಬರೆಯಬೇಕು. ಅವರು ಓಗೊಡುವವರೆಗೆ ಆ ಒಂದು ಮಧ್ಯಂತರವನ್ನು ನಿಮ್ಮ ಪಟ್ಟಿಗೆ ಸೇರಿಸಿಕೊಳ್ಳಬಹುದು. ಪರಿಶೀಲನೆಯನ್ನೇ ‘ಫಾಲ್ಸ್’ ಮಾಡಿ ಕೋಡಿನಲ್ಲಿ ಬಿಟ್ಟುಬಿಡುವುದು ದುರಸ್ತಿ ಎನಿಸಿಕೊಳ್ಳುವುದಿಲ್ಲ.

ರಿಡೈರೆಕ್ಟ್ ಮತ್ತು ಅನುಮತಿ ಪಟ್ಟಿ

ನಮ್ಮ ಜಾಲತಾಣದಲ್ಲಿ ಅತಿ ಹೆಚ್ಚು ದೂರು ಬಂದದ್ದು ಈ ಹಂತದಲ್ಲಿ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಅನೇಕ ಕನ್ನಡ ಪುಸ್ತಕಗಳು ಇಂದು ಇಂಟರ್ನೆಟ್ ಆರ್ಕೈವ್‌ನಲ್ಲಿ ಇರುವುದರಿಂದ, ‘ಆರ್ಕೈವ್.ಆರ್ಗ್’ ಅನ್ನು ಅನುಮತಿ ಪಟ್ಟಿಗೆ (ಯಾವ ಹೋಸ್ಟ್‌ಗಳಿಂದ ಕಡತ ತರಬಹುದೆಂಬ ಪಟ್ಟಿಗೆ) ಸೇರಿಸಿ ನಿಶ್ಚಿಂತರಾಗಿದ್ದೆವು. ಆದರೆ ಅಲ್ಲಿಯ ಡೌನ್‌ಲೋಡ್ ಕೊಂಡಿಯನ್ನು ಕೇಳಿದರೆ ಅದು 302 ಎಂಬ ಉತ್ತರ ಕೊಟ್ಟು, ಕಡತ ನಿಜವಾಗಿ ಇರುವ, ‘ಐಎ’ ಎಂಬ ಅಕ್ಷರಗಳಿಂದ ಆರಂಭವಾಗಿ ಅಂಕಿಗಳು ಸೇರಿದ ಇನ್ನೊಂದು ಉಪಡೊಮೇನಿಗೆ ಕಳಿಸುತ್ತದೆ. ಮೊದಲ ಹೆಜ್ಜೆ ಪಟ್ಟಿಯಲ್ಲಿದೆ, ಎರಡನೆಯದು ಇಲ್ಲ. ತರುವ ಕೋಡ್ ಅಲ್ಲಿಯೇ ನಿಲ್ಲುತ್ತದೆ. ಆ ಅಂಕಿಗಳು ಪುಸ್ತಕದಿಂದ ಪುಸ್ತಕಕ್ಕೆ ಬೇರೆಯಾಗುವುದರಿಂದ ಒಂದೊಂದೇ ಹೆಸರನ್ನು ಪಟ್ಟಿಗೆ ಸೇರಿಸುತ್ತಾ ಹೋಗುವುದು ಬಾವಿಗೆ ಮಣ್ಣು ಹಾಕಿದಂತೆ. ಉಪಡೊಮೇನ್‌ಗಳನ್ನೂ ಒಪ್ಪುವಂತೆ ನಿಯಮ ಬರೆಯಬೇಕು. ಬರೆಯುವಾಗ ಆರ್ಕೈವ್ ಎಂಬುದರ ಹಿಂದಿನ ಚುಕ್ಕೆಯನ್ನೂ ಸೇರಿಸಿಯೇ ಹೋಲಿಸಬೇಕು. ಚುಕ್ಕೆ ಬಿಟ್ಟರೆ ‘ನಕಲಿಆರ್ಕೈವ್.ಆರ್ಗ್’ ಎಂಬ ಯಾರದೋ ಡೊಮೇನ್ ಕೂಡ ಅದೇ ಬಾಲ ಹೊತ್ತು ಒಳಗೆ ಬರುತ್ತದೆ.

ರಿಡೈರೆಕ್ಟ್ ವಿಷಯದಲ್ಲಿ ಪಿಎಚ್‌ಪಿಯ ಎರಡು ದಾರಿಗಳ ನಡತೆ ಒಂದೇ ಅಲ್ಲ ಎಂಬುದನ್ನೂ ನೆನಪಿಡಬೇಕು. ‘ಫೈಲ್ ಗೆಟ್ ಕಂಟೆಂಟ್ಸ್’ ತಾನಾಗಿಯೇ 20 ರಿಡೈರೆಕ್ಟ್‌ಗಳವರೆಗೆ ಹಿಂಬಾಲಿಸುತ್ತದೆ. ಕರ್ಲ್ ವಿಸ್ತರಣೆ ಹೇಳದ ಹೊರತು ಒಂದನ್ನೂ ಹಿಂಬಾಲಿಸುವುದಿಲ್ಲ. ಆದ್ದರಿಂದ ‘ಕೋಡನ್ನು ಉತ್ತಮಗೊಳಿಸಿದೆ’ ಎಂದು ಒಂದರಿಂದ ಇನ್ನೊಂದಕ್ಕೆ ಬದಲಾಯಿಸಿದ ಮರುದಿನ, ಎಲ್ಲ ಪುಸ್ತಕಗಳೂ ಕೆಲವು ನೂರು ಬೈಟ್ ಗಾತ್ರದ ಕಡತಗಳಾಗಿ ಉಳಿಯತೊಡಗಿದರೆ ಅಚ್ಚರಿಪಡಬೇಕಾದ್ದಿಲ್ಲ.

ಈ ಪಟ್ಟಿಗಳನ್ನು, ಒಳಗಿನ ವಿಳಾಸಗಳನ್ನು ತಡೆಯುವ ನಿಯಮಗಳನ್ನು ‘ಪರೀಕ್ಷೆಗಾಗಿ’ ತೆಗೆದುಹಾಕಬಾರದು. ಹೊರಗಿನವರು ಕೊಟ್ಟ ವಿಳಾಸಕ್ಕೆ ನಿಮ್ಮ ಸರ್ವರ್ ಹೋಗುತ್ತದೆ ಎಂದರೆ, ಅವರು 127.0.0.1 ಎಂದೋ, 10 ಅಥವಾ 192.168ರಿಂದ ಆರಂಭವಾಗುವ ಒಳಜಾಲದ ವಿಳಾಸವೆಂದೋ, ಕ್ಲೌಡ್ ಯಂತ್ರಗಳ ಗುಟ್ಟಿನ ವಿವರ ಸಿಗುವ 169.254.169.254 ಎಂದೋ ಬರೆದರೆ ಅಲ್ಲಿಗೂ ಹೋಗುತ್ತದೆ. 2019ರಲ್ಲಿ ಬಯಲಾದ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನ ಸೋರಿಕೆಯಲ್ಲಿ ಸುಮಾರು 10 ಕೋಟಿ ಅಮೆರಿಕನ್ನರ ಮತ್ತು 60 ಲಕ್ಷ ಕೆನಡಿಯನ್ನರ ಮಾಹಿತಿ ಹೋದದ್ದು ಇಂಥದೇ ದಾರಿಯಿಂದ, ಸರ್ವರನ್ನು ಆ ಕೊನೆಯ ವಿಳಾಸಕ್ಕೆ ಕಳಿಸಿ ಅದರ ಕೀಲಿಗಳನ್ನು ಪಡೆದು. ತಡೆ ಇರಬೇಕು, ಅದು ಹೆಸರನ್ನು ನೋಡಿ ಸುಮ್ಮನಾಗದೆ, ಹೆಸರಿಗೆ ಸಿಕ್ಕ ಐಪಿಯನ್ನು ಪರಿಶೀಲಿಸಿ, ಅದೇ ಐಪಿಗೆ ಸಂಪರ್ಕ ಬೆಳೆಸಬೇಕು, ಪ್ರತಿ ರಿಡೈರೆಕ್ಟಿನ ನಂತರವೂ ಇದನ್ನು ಮತ್ತೆ ಮಾಡಬೇಕು.

ಆ ತಡೆಯೇ ಕೆಲವೊಮ್ಮೆ ಸಜ್ಜನರನ್ನೂ ಹಿಡಿಯುತ್ತದೆ. ನಿಮ್ಮದೇ ಸಂಸ್ಥೆಯ ಇನ್ನೊಂದು ಜಾಲತಾಣದ ಹೆಸರು ಹೊರಗಿನವರಿಗೆ ಸಾರ್ವಜನಿಕ ಐಪಿಯನ್ನು, ಒಳಜಾಲದಲ್ಲಿರುವ ಸರ್ವರಿಗೆ ಖಾಸಗಿ ಐಪಿಯನ್ನು ಕೊಡುವಂತೆ ಡಿಎನ್‌ಎಸ್ ಅನ್ನು ಹೊಂದಿಸಿದ್ದರೆ, ಬಳಕೆದಾರರ ಪಾಲಿಗೆ ಪೂರ್ತಿ ಸಾಚಾ ಆಗಿರುವ ಕೊಂಡಿ ನಿಮ್ಮ ಕೋಡಿನ ಪಾಲಿಗೆ ಆಕ್ರಮಣದಂತೆ ತೋರುತ್ತದೆ. ಆ ಒಂದು ಹೋಸ್ಟಿಗೆ ಮಾತ್ರ ವಿನಾಯಿತಿ ಬರೆದರೆ ಮುಗಿಯಿತು.

403 ಬಂದಾಗ

404 (ಸಿಗಲಿಲ್ಲ) ತನ್ನ ಅರ್ಥವನ್ನು ತಾನೇ ಹೇಳುತ್ತದೆ, 403 (ನಿರಾಕರಿಸಲಾಗಿದೆ) ಏಕೆಂದು ಹೇಳುವುದಿಲ್ಲ. ವಿಕಿಮೀಡಿಯ ಕಾಮನ್ಸ್‌ನ ಚಿತ್ರಗಳನ್ನು ತರುವಾಗ 403 ಬಂದರೆ ಮೊದಲು ನೋಡಬೇಕಾದ್ದು ಯೂಸರ್-ಏಜೆಂಟ್ ಶಿರೋಲೇಖ. ಪಿಎಚ್‌ಪಿಯ ಸ್ಟ್ರೀಮ್‌ಗಳು ಮೂಲತಃ ಆ ಶಿರೋಲೇಖವನ್ನೇ ಕಳಿಸುವುದಿಲ್ಲ; ವಿಕಿಮೀಡಿಯದ ನೀತಿಯಾದರೋ ಪ್ರತಿಯೊಂದು ಯಂತ್ರವೂ ತಾನು ಯಾರೆಂದು, ಯಾರನ್ನು ಸಂಪರ್ಕಿಸಬೇಕೆಂದು ಅದರಲ್ಲಿ ಹೇಳಬೇಕೆನ್ನುತ್ತದೆ. ಅಪ್ಲಿಕೇಶನ್ನಿನ ಹೆಸರು, ಆವೃತ್ತಿ, ಸಂಪರ್ಕದ ವಿಳಾಸ ಇವನ್ನು ಪ್ರಾಮಾಣಿಕವಾಗಿ ಬರೆದರೆ ಸಾಕು. ಕ್ರೋಮ್‌ನ ವೇಷ ಹಾಕುವ ಅಗತ್ಯವಿಲ್ಲ.

ಅಮೆಜಾನ್ ಎಸ್3ಯಂಥ ಸಂಗ್ರಹಗಳ ಸಹಿ ಹಾಕಿದ ಕೊಂಡಿಗಳು ಇನ್ನೂ ನಾಜೂಕು. ಅವುಗಳ ಆಯುಷ್ಯ ಈಗಿನ ಸಹಿ ಪದ್ಧತಿಯಲ್ಲಿ ಹೆಚ್ಚೆಂದರೆ 7 ದಿನ, ಅಂದರೆ 604800 ಸೆಕೆಂಡು. ತಾತ್ಕಾಲಿಕ ಕೀಲಿಯಿಂದ ಸಹಿ ಮಾಡಿದ್ದರೆ ಆ ಕೀಲಿ ಸತ್ತ ಕ್ಷಣವೇ ಕೊಂಡಿಯೂ ಸಾಯುತ್ತದೆ. ಸಹಿಯಲ್ಲಿ ಕೋರಿಕೆಯ ವಿಧಾನವೂ ಸೇರಿರುವುದರಿಂದ, ಗಾತ್ರ ತಿಳಿಯಲೆಂದು ಅಪ್ಲಿಕೇಶನ್ ಮೊದಲು ಶಿರೋಲೇಖಗಳನ್ನಷ್ಟೇ ಕೇಳುವ ಹೆಡ್ ಕೋರಿಕೆ ಕಳಿಸಿದರೆ, ಕಡತವನ್ನೇ ಕೇಳುವ ಗೆಟ್‌ಗಾಗಿ ಸಹಿ ಹಾಕಿದ ಕೊಂಡಿ 403 ಎನ್ನುತ್ತದೆ. ಅದೇ ಕೊಂಡಿಗೆ ನೇರವಾಗಿ ಗೆಟ್ ಕಳಿಸಿದ್ದರೆ ಕಡತ ಬಂದಿರುತ್ತಿತ್ತು. ಆದ್ದರಿಂದ ಹೆಡ್ ಸೋತರೆ ಕೈಬಿಡದೆ ಗೆಟ್ ಮಾಡಿ, ಬರುತ್ತಿರುವ ಬೈಟ್‌ಗಳನ್ನು ಎಣಿಸುತ್ತಾ ಮಿತಿ ದಾಟಿದೊಡನೆ ಕಡಿಯುವ ಕ್ರಮವೇ ಸರಿ. ಇಂಥ ಉದ್ದ ಕೊಂಡಿಗಳು ಅಪ್ಲಿಕೇಶನ್ನಿನ ಒಳಗೆ ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವಾಗ, ಸಂಕೇತಿಸದೆ ಕಳಿಸಿದ ‘&’ ಬಳಿ ತುಂಡಾಗುವುದೂ ‘+’ ಚಿಹ್ನೆ ಖಾಲಿ ಜಾಗವಾಗುವುದೂ ಸಾಮಾನ್ಯ; ಲಾಗಿನಲ್ಲಿರುವ ಕೊಂಡಿಯನ್ನೇ ನೋಡಿ ಎಂದು ಮೊದಲೇ ಹೇಳಿದ್ದು ಇದಕ್ಕಾಗಿ.

ಉತ್ತರ 200 (ಯಶಸ್ಸು), ಆದರೂ ಕಡತ ತೆರೆಯದು

ಗೂಗಲ್ ಡ್ರೈವ್‌ನ ಹಂಚಿಕೆ ಕೊಂಡಿಯನ್ನು ಅಂಟಿಸಿದರೆ ಬರುವುದು ಪುಸ್ತಕವಲ್ಲ, ಪುಸ್ತಕವನ್ನು ತೋರಿಸುವ ಪುಟ. ಅಪ್ಲಿಕೇಶನ್ ಅದಕ್ಕೆ ಪಿಡಿಎಫ್ ಎಂಬ ಬಾಲ ಅಂಟಿಸಿ ಒಳಗಿಟ್ಟುಕೊಂಡು, ‘ಯಶಸ್ವಿಯಾಗಿ ಸೇರಿಸಲಾಗಿದೆ’ ಎನ್ನುತ್ತದೆ. ಓದುಗರು ತೆರೆಯುವ ದಿನದವರೆಗೂ ಯಾರಿಗೂ ತಿಳಿಯುವುದಿಲ್ಲ. ಡ್ರೈವ್‌ನ ನೇರ ಡೌನ್‌ಲೋಡ್ ಕೊಂಡಿಯನ್ನು ಕೊಟ್ಟರೂ 100 ಎಂಬಿಗಿಂತ ದೊಡ್ಡ ಕಡತವಾದರೆ ವೈರಸ್ ತಪಾಸಣೆ ಸಾಧ್ಯವಿಲ್ಲವೆಂಬ ಎಚ್ಚರಿಕೆಯ ಪುಟ ನಡುವೆ ಬರುತ್ತದೆ. ಡ್ರಾಪ್‌ಬಾಕ್ಸ್ ಕೊಂಡಿಯ ಕೊನೆಯಲ್ಲಿ ‘ಡಿಎಲ್=0’ ಇದ್ದರೆ ಪುಟ, ‘ಡಿಎಲ್=1’ ಎಂದು ತಿದ್ದಿದರೆ ಕಡತ.

ಬಂದದ್ದು ಏನೆಂದು ಕಡತದ ಹೆಸರಿನಿಂದಾಗಲಿ, ದೂರದ ಸರ್ವರ್ ಹೇಳುವ ಕಂಟೆಂಟ್-ಟೈಪ್‌ನಿಂದಾಗಲಿ ತೀರ್ಮಾನಿಸಬಾರದು. ಮೊದಲ ಕೆಲವು ಬೈಟ್‌ಗಳನ್ನು ನೋಡಬೇಕು. ಪಿಡಿಎಫ್ ಕಡತ ‘%ಪಿಡಿಎಫ್-’ ಎಂಬ ಐದು ರೋಮನ್ ಅಕ್ಷರ-ಚಿಹ್ನೆಗಳಿಂದ ಆರಂಭವಾಗುತ್ತದೆ, ಜಿಪ್ ಕಡತ ‘ಪಿಕೆ’ ಎಂದು, ಎಚ್‌ಟಿಎಂಎಲ್ ಪುಟ ಸಾಮಾನ್ಯವಾಗಿ ‘<’ ಚಿಹ್ನೆಯಿಂದ. ಸರ್ವರಿನಲ್ಲಿ ‘ಫೈಲ್’ ಆದೇಶ ಇದನ್ನೇ ಮಾಡುತ್ತದೆ, ಪಿಎಚ್‌ಪಿಯಲ್ಲಿ ಫೈಲ್‌ಇನ್ಫೋ ವಿಸ್ತರಣೆ ಇದೆ. ಬಂದ ಬೈಟ್‌ಗಳ ಲೆಕ್ಕ ಕಂಟೆಂಟ್-ಲೆಂಗ್ತ್‌ಗೆ ತಾಳೆಯಾಗುವುದೇ ಎಂದೂ ನೋಡಿ. ಆ ಶಿರೋಲೇಖವೇ ಇಲ್ಲದೆ ತುಂಡುತುಂಡಾಗಿ ಬರುವ ಉತ್ತರಗಳೂ ನ್ಯಾಯವಾದವೇ, ಅದಿಲ್ಲವೆಂದು ಕಡತವನ್ನು ತಿರಸ್ಕರಿಸಬಾರದು.

ಸರಿಯಾಗಿ 60 ಸೆಕೆಂಡು

ದೊಡ್ಡ ಕಡತಗಳು ಮಾತ್ರ ಸೋಲುತ್ತಿದ್ದರೆ ಕೈಗಡಿಯಾರ ನೋಡಿ. ಎಂಜಿನ್‌ಎಕ್ಸ್ ತನ್ನ ಹಿಂದಿನ ಎಫ್‌ಪಿಎಂಗಾಗಿ ಮೂಲತಃ 60 ಸೆಕೆಂಡು ಕಾಯುತ್ತದೆ. ಪಿಎಚ್‌ಪಿಯ ಸ್ಟ್ರೀಮ್ ದೂರದ ಸರ್ವರಿಗಾಗಿ ಕಾಯುವ ಮೂಲ ಗಡುವೂ 60 ಸೆಕೆಂಡೇ. ಬಳಕೆದಾರರಿಗೆ ಎರಡೂ ಒಂದೇ ಥರ ಕಾಣುತ್ತವೆ, ಲಾಗಿನಲ್ಲಿ ಮಾತ್ರ ಬೇರೆಬೇರೆಯಾಗಿ ಕಾಣುತ್ತವೆ. ಎಂಜಿನ್‌ಎಕ್ಸ್‌ನ ದೋಷ ಲಾಗಿನಲ್ಲಿ ‘110’ ಸಂಖ್ಯೆಯೊಂದಿಗೆ ಅಪ್‌ಸ್ಟ್ರೀಮ್ ಗಡುವು ಮೀರಿತೆಂಬ ಸಾಲು ಇದ್ದು, ಬ್ರೌಸರಿಗೆ 504 ಹೋಗಿದ್ದರೆ, ತಾಳ್ಮೆಗೆಟ್ಟದ್ದು ಎಂಜಿನ್‌ಎಕ್ಸ್. ಹಿಂದೆ ಪಿಎಚ್‌ಪಿ ಇನ್ನೂ ಕಡತವನ್ನು ಇಳಿಸುತ್ತಲೇ ಇರಬಹುದು. ಬಳಕೆದಾರರು ಮತ್ತೆ ಒತ್ತುತ್ತಾರೆ, ಕೆಲವು ನಿಮಿಷಗಳ ನಂತರ ಸಂಗ್ರಹದಲ್ಲಿ ಒಂದೇ ಪುಸ್ತಕದ ಎರಡು ಪ್ರತಿಗಳು ಕುಳಿತಿರುತ್ತವೆ. ‘ಸೋತ’ ಕಡತ ನಿಗೂಢವಾಗಿ ಇಮ್ಮಡಿಯಾಗಿ ಕಾಣಿಸಿದರೆ ಇದೇ ಕಾರಣ.

ಪಿಎಚ್‌ಪಿಯ 30 ಸೆಕೆಂಡಿನ ‘ಮ್ಯಾಕ್ಸ್ ಎಕ್ಸಿಕ್ಯೂಷನ್ ಟೈಮ್’ ಲಿನಕ್ಸ್‌ನಲ್ಲಿ ಇಲ್ಲಿ ಅಡ್ಡ ಬರುವುದು ಅಪರೂಪ; ಸ್ಟ್ರೀಮ್‌ಗಳಿಗಾಗಿ ಕಾಯುತ್ತಾ ಕುಳಿತ ಸಮಯವನ್ನು ಅದು ಎಣಿಸುವುದಿಲ್ಲ. ಕರ್ಲ್ ವಿಸ್ತರಣೆಯ ಮೂಲ ಗಡುವುಗಳು ಇನ್ನೂ ಉದಾರ: ಸಂಪರ್ಕಕ್ಕೆ 300 ಸೆಕೆಂಡು, ಒಟ್ಟು ಕೆಲಸಕ್ಕೆ ಮಿತಿಯೇ ಇಲ್ಲ. ಉತ್ತರಿಸದ ಒಂದು ಹೋಸ್ಟಿನ ನಾಲ್ಕಾರು ಕೊಂಡಿಗಳನ್ನು ಒಬ್ಬರೇ ಅಂಟಿಸಿದರೆ ಎಫ್‌ಪಿಎಂನ ಕೆಲಸಗಾರರೆಲ್ಲ ಅಲ್ಲಿಯೇ ಸಿಕ್ಕಿಬಿದ್ದು ಇಡೀ ಜಾಲತಾಣ ನಿಲ್ಲಬಹುದು. ಗಡುವುಗಳನ್ನು ಕೋಡಿನಲ್ಲಿ ಸ್ಪಷ್ಟವಾಗಿ ಬರೆದು, ತರುವ ಕೆಲಸವನ್ನು ಹಿನ್ನೆಲೆಯ ಸರತಿಗೆ ಒಪ್ಪಿಸುವುದು ನಿಜವಾದ ಪರಿಹಾರ. ಎಂಜಿನ್‌ಎಕ್ಸ್‌ನ 60 ಅನ್ನು 600 ಮಾಡುವುದು ನೋವು ಮರೆಸುವ ಮಾತ್ರೆ. ಇನ್ನು ಲಾಗಿನಲ್ಲಿ 134217728 ಎಂಬ ಸಂಖ್ಯೆ ಕಂಡರೆ ಅದು 128 ಎಂಬಿಯ ಮೆಮೊರಿ ಮಿತಿ: ಕೋಡ್ ಇಡೀ ಕಡತವನ್ನು ನೆನಪಿಗೆ ತುಂಬಿಕೊಳ್ಳುತ್ತಿದೆ. ಮಿತಿಯನ್ನು ಏರಿಸುವ ಬದಲು, ಬಂದ ಹಾಗೆಯೇ ಡಿಸ್ಕಿಗೆ ಬರೆಯುವಂತೆ ತಿದ್ದಿ.

ಕನ್ನಡದ ಹೆಸರುಗಳು

ಇತರ ಭಾಷೆಯವರ ಕೈಪಿಡಿಗಳಲ್ಲಿ ಅಪರೂಪವಾಗಿರುವ, ನಮಗೆ ಮಾತ್ರ ದಿನನಿತ್ಯದ ಸಂಗತಿ ಇದು. ಕನ್ನಡದ ಪ್ರತಿಯೊಂದು ಯುನಿಕೋಡ್ ಚಿಹ್ನೆ ಯುಟಿಎಫ್-8ರಲ್ಲಿ 3 ಬೈಟ್. ಕೊಂಡಿಯಲ್ಲಿ ಪ್ರತಿ ಬೈಟ್ ಒಂದು ಶೇಕಡಾ ಚಿಹ್ನೆ ಮತ್ತು ಎರಡು ಅಂಕಿ-ಅಕ್ಷರಗಳಾಗುತ್ತದೆ. ‘ಶ್ರೀ’ ನಮ್ಮ ಕಣ್ಣಿಗೆ ಒಂದೇ ಅಕ್ಷರವಾದರೂ ಒಳಗೆ ಶ, ವಿರಾಮ, ರ, ಈಕಾರ ಎಂಬ ನಾಲ್ಕು ಚಿಹ್ನೆಗಳು. 12 ಬೈಟ್, ಕೊಂಡಿಯಲ್ಲಿ 36 ಅಕ್ಷರ. ಈಗಾಗಲೇ ಸಂಕೇತಗೊಂಡ ಕೊಂಡಿಯನ್ನು ಕೋಡ್ ಮತ್ತೊಮ್ಮೆ ಸಂಕೇತಿಸಿದರೆ ಪ್ರತಿ ಶೇಕಡಾ ಚಿಹ್ನೆ ‘%25’ ಆಗಿ ಅದೇ ಶ್ರೀ 60 ಅಕ್ಷರಗಳಿಗೆ ಉಬ್ಬುತ್ತದೆ, ದೂರದ ಸರ್ವರ್ 404 ಎನ್ನುತ್ತದೆ. ಲಾಗಿನ ಕೊಂಡಿಯಲ್ಲಿ ‘%25’ ಸಾಲುಸಾಲಾಗಿ ಕಂಡರೆ ಬೇರೆ ಸಾಕ್ಷಿ ಬೇಡ. ಇದಕ್ಕೆ ವಿರುದ್ಧವಾಗಿ, ಸಂಕೇತಿಸದ ಕನ್ನಡ ಅಕ್ಷರಗಳಿರುವ ಕೊಂಡಿಯನ್ನು ಪಿಎಚ್‌ಪಿಯ ಯುಆರ್‌ಎಲ್ ಪರಿಶೀಲನಾ ಫಿಲ್ಟರ್ ಅಸಿಂಧುವೆಂದು ತಳ್ಳಿಹಾಕುತ್ತದೆ. ಪರಿಶೀಲನೆಗೆ ಮುನ್ನ ದಾರಿಯ ಭಾಗವನ್ನು ಒಮ್ಮೆ, ಒಮ್ಮೆ ಮಾತ್ರ, ಸಂಕೇತಿಸಬೇಕು. ‘.ಭಾರತ’ದಂಥ ಕನ್ನಡದ ಡೊಮೇನ್ ಹೆಸರಿದ್ದರೆ ಆ ಭಾಗಕ್ಕೆ ಶೇಕಡಾ ಸಂಕೇತ ಸಲ್ಲದು, ಅದನ್ನು ರೋಮನ್ ಅಕ್ಷರ-ಅಂಕಿಗಳಲ್ಲಿ ಬರೆಯುವ ಪ್ಯುನಿಕೋಡ್ ಬೇಕು.

ಅತ್ಯಂತ ಕಾಡಿದ್ದು ಕಣ್ಣಿಗೆ ಒಂದೇ ಆಗಿರುವ ಎರಡು ಹೆಸರುಗಳು. ‘ಕೋಲಾರ’ ಎಂಬುದರಲ್ಲಿ ಓಕಾರವನ್ನು ಒಂದೇ ಚಿಹ್ನೆಯಾಗಿ ಬರೆದರೆ ಒಟ್ಟು 5 ಚಿಹ್ನೆ, 15 ಬೈಟ್. ಯುನಿಕೋಡ್‌ನ ಬಿಡಿಸಿದ ರೂಪದಲ್ಲಿ ಅದೇ ಓಕಾರ ಎಕಾರ, ಊಕಾರ, ದೀರ್ಘಚಿಹ್ನೆ ಎಂಬ ಮೂರಾಗಿ, ಒಟ್ಟು 7 ಚಿಹ್ನೆ, 21 ಬೈಟ್ ಆಗುತ್ತದೆ. ಆಪಲ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಕಡತ ವ್ಯವಸ್ಥೆ ಹೆಸರುಗಳನ್ನು ಬಿಡಿಸಿದ ರೂಪದಲ್ಲಿಯೇ ಇಡುತ್ತಿತ್ತು. ಅಂಥ ಯಂತ್ರದಿಂದ ಲಿನಕ್ಸ್ ಸರ್ವರಿಗೆ ಏರಿಸಿದ ಕಡತಕ್ಕೆ ಇನ್ನೊಬ್ಬರು ವಿಂಡೋಸ್‌ನಲ್ಲಿ ಕೈಯಾರೆ ಹೆಸರು ಟೈಪಿಸಿ ಕೊಂಡಿ ಮಾಡಿದರೆ, ಅಕ್ಷರ ಅಕ್ಷರ ಹೋಲಿಸಿ ನೋಡಿದರೂ ವ್ಯತ್ಯಾಸ ಕಾಣದು, ಸರ್ವರ್ ಮಾತ್ರ 404 ಎಂದೇ ಹೇಳುತ್ತಿರುತ್ತದೆ. ‘ರಾಜ್‌ಕುಮಾರ್’ನಂಥ ಹೆಸರಿನ ನಡುವೆ ಇರುವ, ಕಾಣದ ಶೂನ್ಯ ಅಗಲದ ಚಿಹ್ನೆ ನಕಲಿಸಿ ಅಂಟಿಸುವ ದಾರಿಯಲ್ಲಿ ಎಲ್ಲಿಯೋ ಉದುರಿದರೂ ಫಲ ಇದೇ. ಇಲ್ಲಿ ಕಣ್ಣನ್ನು ನಂಬದೆ ಹೆಕ್ಸ್ ಡಂಪ್ ಮಾಡಿ ಬೈಟ್‌ಗಳನ್ನು ಎಣಿಸಬೇಕು. ಅಂಟಿಸಿದ ಕೊಂಡಿಯನ್ನು ನಾವಾಗಿ ‘ಸಾಮಾನ್ಯೀಕರಿಸಲು’ ಹೋಗಬಾರದು. ದೂರದ ಸರ್ವರಿನಲ್ಲಿ ಯಾವ ರೂಪವಿದೆಯೋ ಅದೇ ಬೇಕು. ನಮ್ಮ ಕಡೆ ಉಳಿಸುವ ಹೆಸರನ್ನು ಮಾತ್ರ ಕೂಡಿಸಿದ ರೂಪಕ್ಕೆ ತರಬಹುದು.

ಉಳಿಸುವಾಗ ಹೆಸರನ್ನು ‘ಶುದ್ಧಗೊಳಿಸುವ’ ಕೋಡನ್ನೂ ಒಮ್ಮೆ ನೋಡಿ. ರೋಮನ್ ಅಕ್ಷರಗಳನ್ನು ಮಾತ್ರ ಉಳಿಸುವ ನಿಯಮವಿದ್ದರೆ ಎಲ್ಲ ಕನ್ನಡ ಪುಸ್ತಕಗಳ ಹೆಸರೂ ಬರಿದಾಗಿ, ಒಂದರ ಮೇಲೊಂದು ಬರೆದುಕೊಂಡು, ಕೊನೆಗೆ ಒಂದೇ ಪುಸ್ತಕ ಉಳಿಯುತ್ತದೆ. ಅದನ್ನು ತಿದ್ದಲು ಹೋಗಿ ಯುನಿಕೋಡ್‌ನ ‘ಅಕ್ಷರ’ ವರ್ಗವನ್ನಷ್ಟೇ ಒಪ್ಪಿದರೆ, ಸ್ವರಚಿಹ್ನೆಗಳು ‘ಗುರುತು’ ಎಂಬ ಬೇರೆ ವರ್ಗದವಾದ್ದರಿಂದ, ಕೋಲಾರ ‘ಕಲರ’ವಾಗುತ್ತದೆ. ಎರಡೂ ವರ್ಗಗಳು ಬೇಕು. ಉದ್ದದ ಬಗ್ಗೆಯೂ ಎಚ್ಚರ: ಎಕ್ಸ್‌ಟಿ4ರಲ್ಲಿ ಕಡತದ ಹೆಸರಿಗೆ ಗರಿಷ್ಠ 255 ಬೈಟ್, ಅಂದರೆ ಕನ್ನಡದ 85 ಚಿಹ್ನೆ. ನಮ್ಮ ಗ್ರಂಥಗಳ ಶೀರ್ಷಿಕೆ, ಕರ್ತೃ, ಸಂಪಾದಕ, ಮುದ್ರಣದ ವರ್ಷ ಎಲ್ಲವನ್ನೂ ಹೆಸರಿಗೇ ತುರುಕುವ ಉತ್ಸಾಹಿಗಳಿಗೆ ಅದು ಸಾಲುವುದಿಲ್ಲ. ಡಿಸ್ಕಿನಲ್ಲಿ ಒಂದು ಸಂಖ್ಯೆಯನ್ನು ಹೆಸರಾಗಿಟ್ಟು, ನಿಜವಾದ ಶೀರ್ಷಿಕೆಯನ್ನು ಡೇಟಾಬೇಸಿನಲ್ಲಿ ಬರೆದಿಡುವ ಪದ್ಧತಿಗೆ ನಾವು ಕಡೆಗೆ ಬಂದೆವು. ಮೊದಲ ದಿನವೇ ಬರಬಹುದಿತ್ತು.

ದೋಷ ಸಿಕ್ಕಿ ತಿದ್ದಿದ ಮೇಲೆ, ಸೋತಿದ್ದ ಅದೇ ಕೊಂಡಿಯನ್ನು ಅಪ್ಲಿಕೇಶನ್ನಿನ ಮೂಲಕವೇ ಮತ್ತೆ ಅಂಟಿಸಿ ನೋಡಬೇಕು. ಕರ್ಲ್ ಗೆದ್ದರೆ ಸಾಲದು. ಪರೀಕ್ಷೆಗೆಂದು ಜಾಲತಾಣದ ಕೋಶದಲ್ಲಿ ಇಟ್ಟ ಪಿಎಚ್‌ಪಿ ತುಣುಕುಗಳನ್ನು ಅಳಿಸಿ, ಅರ್ಧಕ್ಕೆ ನಿಂತ ತಾತ್ಕಾಲಿಕ ಕಡತಗಳನ್ನು ತೆರವು ಮಾಡಿ. ಪೂರ್ಣ ಕೊಂಡಿಗಳನ್ನು ಬರೆಯುತ್ತಿದ್ದ ಲಾಗಿನಲ್ಲಿ ಇನ್ನೂ ಜೀವಂತವಿರುವ ಸಹಿಗಳು, ಟೋಕನ್‌ಗಳು ಉಳಿದಿರುತ್ತವೆ. ಪ್ರಶ್ನಾರ್ಥಕ ಚಿಹ್ನೆಯ ಮುಂದಿನ ಭಾಗವನ್ನು ಮರೆಮಾಡಿ ಬರೆಯುವಂತೆ ಲಾಗನ್ನು ತಿದ್ದಿ, ಹಳೆಯ ಸಾಲುಗಳನ್ನು ಅಳಿಸಿದ ನಂತರವೇ ದೂರು ಕೊಟ್ಟವರಿಗೆ ಉತ್ತರ ಬರೆಯಿರಿ.